ನಮ್ಮಲ್ಲಿ ಹಾಗೆ ಆಗುತ್ತಿಲ್ಲ

ಅವಳ ದೂರನ್ನು ಮುಚ್ಚಿಬಿಟ್ಟಿದ್ದರು. ಬ್ರಶ್ಶು ಬಾಯಲ್ಲಿರುವಾಗಲೇ ಫೋನು ತೆರೆದದ್ದು ಅವಳದೇ ತಪ್ಪು. ಮೊದಲು ನಿನ್ನ ಮುಖ ತೊಳಕೋ, ಆಮೇಲೆ ಊರಿನವರ ಮುಖ ನೋಡುವೆಯಂತೆ ಎಂದು ಅಮ್ಮ ದಿನಾ ಬೈಯುತ್ತಿದ್ದಳು. ದೂರುಗಳ ಪುಟದಲ್ಲಿ ಅವಳ ದೂರಿನ ಪಕ್ಕ ಇಷ್ಟು ದಿನ ಹಸಿರಾಗಿದ್ದ ಚುಕ್ಕೆ ಬೂದಾಗಿತ್ತು. ಕೆಳಗೆ ಒಂದೇ ಸಾಲು: ‘ನಮ್ಮಲ್ಲಿ ಹಾಗೆ ಆಗುತ್ತಿಲ್ಲ. ಮುಚ್ಚಲಾಗಿದೆ.’ ಆ ಸಾಲಿನ ಅಡಿಯಲ್ಲಿ ಯಾರೋ ಪುಣ್ಯಾತ್ಮ ಹೆಬ್ಬೆರಳು ಎತ್ತಿದ ಚಿತ್ರವನ್ನು ಅಂಟಿಸಿ ಹೋಗಿದ್ದ. ಸಾಲು ಬರೆದು ದೂರು ಮುಚ್ಚಿದವನ ಮುಖವನ್ನು ಯಾರೂ ಕಂಡವರಲ್ಲ. ತನ್ನ ಫೋಟೊ ಇರಬೇಕಾದ ಜಾಗದಲ್ಲಿ ಒಂದು ಹಸಿರು ಕಪ್ಪೆಯನ್ನು ಕೂರಿಸಿಕೊಂಡಿದ್ದ. ಅವಳು ಬಳಸುವ ಪ್ರೋಗ್ರಾಮಿಂಗ್ ಭಾಷೆಯನ್ನು ದೂರದ ಯಾವುದೋ ಊರಲ್ಲಿ ಕೂತು ನೋಡಿಕೊಳ್ಳುವ ನಾಲ್ಕಾರು ಜನರಲ್ಲಿ ಅವನೊಬ್ಬ. ಭಾಷೆಯ ಜೊತೆಗೇ ಒಂದು ಸ್ಟ್ಯಾಂಡರ್ಡ್ ಲೈಬ್ರರಿ ಬರುತ್ತದೆ. ವಿಂಗಡಿಸು, ಹುಡುಕು, ಇಷ್ಟು ಹೊತ್ತು ಕಾಯಿ ಎಂಬಂಥ, ಎಲ್ಲರಿಗೂ ದಿನಬೆಳಗಾದರೆ ಬೇಕಾಗುವ ಕೆಲಸಗಳನ್ನು ಒಮ್ಮೆ ಬರೆದಿಟ್ಟು ಎಲ್ಲರಿಗೂ ಹಂಚಿದ ಗಂಟು ಅದು. ಅದರಲ್ಲಿ ತಪ್ಪಿದೆ ಎಂದು ಯಾರು ಬೇಕಾದರೂ ಬರೆದು ದೂರಬಹುದು. ಕೇಳಿಸಿಕೊಳ್ಳುವುದು ಬಿಡುವುದು ಕಪ್ಪೆಯ ಚಿತ್ತ. ಅವನಿಗೆ ನಾಲ್ಕು ಬೈಯೋಣವೆಂದರೆ ಬಾಯಿ ತುಂಬ ನೊರೆಯಿತ್ತು.

ಅವಳ ದೂರು ಇಷ್ಟೇ. ಲೈಬ್ರರಿಯ ‘ಕಾಯಿ’ ಎಂಬ ಫಂಕ್ಷನ್ನಿಗೆ ಐದು ನಿಮಿಷ ಕಾಯಿ ಎಂದರೆ ಅದು ಒಮ್ಮೊಮ್ಮೆ ಐದು ನಿಮಿಷಕ್ಕೆ ಏಳುವುದೇ ಇಲ್ಲ. ಈ ‘ಒಮ್ಮೊಮ್ಮೆ’ಯೇ ಅವಳ ಪ್ರಾಣ ತಿನ್ನುತ್ತಿದ್ದದ್ದು. ಯಾವಾಗಲೂ ಕೆಡುವುದನ್ನು ಎಲ್ಲರೂ ನಂಬುತ್ತಾರೆ, ಒಮ್ಮೊಮ್ಮೆ ಕೆಡುವುದನ್ನು ಹೇಳಿದವರ ತಲೆಯೇ ಕೆಟ್ಟಿದೆ ಎನ್ನುತ್ತಾರೆ. ಚಿಕ್ಕವಳಿದ್ದಾಗ ಹೊಟ್ಟೆನೋವೆಂದು ಅಳುತ್ತ ಡಾಕ್ಟರ ಮುಂದೆ ನಿಂತರೆ ಅದೆಲ್ಲಿಗೋ ಓಡಿಹೋಗುತ್ತಿತ್ತು. ಡಾಕ್ಟರು ನಗುತ್ತಿದ್ದರು, ಅಮ್ಮನ ಮುಖ ಕೆಂಪಗಾಗುತ್ತಿತ್ತು, ದಾರಿಯುದ್ದಕ್ಕೂ ಅವಳು ತನ್ನ ಹೊಟ್ಟೆಗೇ ಶಾಪ ಹಾಕುತ್ತ ಬರುತ್ತಿದ್ದಳು. ಕನ್ನಡಿಯಲ್ಲಿ ಈಗ ಕಾಣುತ್ತಿದ್ದುದೂ ಅದೇ ಮುಖ, ಸುತ್ತ ನಾಲ್ಕು ಬಿಳಿ ಕೂದಲು ಜಾಸ್ತಿ. ಉಗುಳಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ ಬಂತು.

“ಅಮ್ಮಾ, ಏನದು ವಾಸನೆ?”

“ಏನಿಲ್ಲ ಬಿಡೇ, ಮೊಟ್ಟೆ ಬೇಯ್ತಿದೆ. ಮುಳ್ಳು ಇನ್ನೂ ಆರಕ್ಕೆ ಬಂದಿಲ್ಲ.”

ಹೋಗಿ ನೋಡಿದರೆ ಪಾತ್ರೆಯಲ್ಲಿ ನೀರೆಂಬುದೇ ಇರಲಿಲ್ಲ. ಮೊಟ್ಟೆಗಳು ಬಿರಿದು ತಳಕ್ಕೆ ಹತ್ತಿಕೊಂಡಿದ್ದವು. ಅಮ್ಮ ಸ್ಟೂಲಿನ ಮೇಲೆ ಕೂತು ಗೋಡೆಯ ಗಡಿಯಾರವನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಒಲೆಯ ಕಡೆ ಅವಳ ಬೆನ್ನಿತ್ತು. ಒಂದು ವಾರದ ನೆಗಡಿಗೆ ಮೂಗೂ ಕೈಕೊಟ್ಟಿತ್ತು.

“ಅಯ್ಯೋ, ಪಾತ್ರೆ ಕರೀ ಆಗಿದೆಯಲ್ಲಮ್ಮ! ಎಷ್ಟು ಹೊತ್ತಾಯ್ತು ಇಟ್ಟು?”

“ಇಟ್ಟಾಗ ದೊಡ್ಡ ಮುಳ್ಳು ಮೂರರ ಹತ್ರ ಇತ್ತು. ಆರಕ್ಕೆ ಬಂದಾಗ ಇಳಿಸ್ಬೇಕು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಈ ದರಿದ್ರದ್ದು ಮುಂದೆ ಓಡ್ತಿದೆ. ಸ್ಟೂಲು ಹತ್ತಿ ಹಿಂದಕ್ಕೆ ತಿರುಗಿಸಿದೆ.”

“ಒಲೆ ಮೇಲೆ ಇಟ್ಟ ಮೇಲೆ ಯಾರಾದ್ರೂ ಗಡಿಯಾರ ತಿರುಗಿಸ್ತಾರಾ?”

“ತಪ್ಪು ತೋರಿಸ್ತಿತ್ತಲ್ಲೇ! ಕಣ್ಣೆದುರಿಗೇ ತಪ್ಪಿರೋದನ್ನ ಹಾಗೇ ಬಿಟ್ಟು ಕೂರೋಕಾಗುತ್ತಾ ನನ್ ಕೈಲಿ? ನಿನ್ನ ಹೆತ್ತವಳು ನಾನು.” ಸುಡದೆ ಉಳಿದ ಎರಡು ಮೊಟ್ಟೆಗಳನ್ನು ಅಮ್ಮ ಸಿಪ್ಪೆ ತೆಗೆದು ಡಬ್ಬಿಗೆ ತುಂಬಿದಳು. ಕಲ್ಲಾಗಿವೆ, ಆದರೂ ಹೊಟ್ಟೆಗೆ ಹೋದರೆ ಎಲ್ಲ ಒಂದೇ, ತಿನ್ನು ಎಂದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಆದರೆ ಪಕ್ಕದವನ ಮೊಣಕೈ ಅವಳ ಪಕ್ಕೆಯೊಳಗೇ ಬಾಡಿಗೆಗಿದ್ದ ಹಾಗೆ ಕೂತಿತ್ತು. ಸಂಜೆಯೊಳಗೆ ವರದಿ ಆಸ್ಪತ್ರೆಗೆ ಹೋಗಬೇಕು. ಈ ಯೋಚನೆಯನ್ನು ಅವಳು ತಳ್ಳಿದಷ್ಟೂ ಅದು ಆ ಮೊಣಕೈಯ ಹಾಗೆ ಮತ್ತೆ ಬಂದು ಚುಚ್ಚುತ್ತಿತ್ತು. ಅವಳ ಕಂಪನಿ ಆಸ್ಪತ್ರೆಗಳಿಗೆ ಕರೆಗಂಟೆ ಮಾಡಿಕೊಡುತ್ತಿತ್ತು. ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ಸಿಸ್ಟರ್‌ಗಳ ಮೇಜಿನ ಮೇಲೆ ದೀಪ ಹೊತ್ತುತ್ತದೆ. ಐದು ನಿಮಿಷದಲ್ಲಿ ಯಾರೂ ಬರದಿದ್ದರೆ ಇಡೀ ಕಾರಿಡಾರಿಗೆ ಕೇಳುವ ಹಾಗೆ ಗಂಟೆ ಹೊಡೆದುಕೊಳ್ಳಬೇಕು. ಆ ಐದು ನಿಮಿಷ ಕಾದು ಗಂಟೆ ಹೊಡೆಸುವ ಕೋಡ್ ಅವಳದು. ಒಂದು ಮಧ್ಯಾಹ್ನ ಸಿಸ್ಟರ್ ಬೇರೆ ಕೋಣೆಯಲ್ಲಿ ಯಾರದೋ ರಕ್ತ ನಿಲ್ಲಿಸಲು ಒದ್ದಾಡುತ್ತಿದ್ದಾಗ, ಕೊನೆಯ ಹಾಸಿಗೆಯ ಮುದುಕ ಬಚ್ಚಲಿಗೆ ಹೋಗಲು ತಾನೇ ಎದ್ದು, ಬಿದ್ದು, ಸೊಂಟ ಮುರಿದುಕೊಂಡ. ಗುಂಡಿ ಒತ್ತಿದೆ, ಕಾದೆ, ಕಾದೆ, ಗಂಟೆ ಹೊಡೆಯಲಿಲ್ಲ, ತಡೆಯಲಾಗಲಿಲ್ಲ, ಎದ್ದೆ ಎಂದ. ಅವನನ್ನು ಎತ್ತುವ ಗಡಿಬಿಡಿಯಲ್ಲಿ ಯಾರೋ ವಾರ್ಡಿನ ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದ್ದರು. ದೀಪ ಹೊತ್ತಿತ್ತೋ ಇಲ್ಲವೋ ಹೇಳಲು ಗುರುತೇ ಉಳಿದಿರಲಿಲ್ಲ. ಆಮೇಲೆ ಒತ್ತಿ ನೋಡಿದರೆ ಗಂಟೆ ಲಕ್ಷಣವಾಗಿ ಹೊಡೆಯುತ್ತಿತ್ತು.

ಪರೀಕ್ಷೆಗೆಂದು ಅವಳು ವಾರ್ಡಿಗೆ ಹೋದಾಗ ಮುದುಕ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಒಂದು ಕಾಲದಲ್ಲಿ ರೈಲಿನ ಎಂಜಿನ್ ಓಡಿಸುತ್ತಿದ್ದವನಂತೆ. ಪಕ್ಕದಲ್ಲಿ ನಿಂತ ಮಗ, ಅಪ್ಪನಿಗೆ ಕಿವಿಯೇ ಇಲ್ಲವೇನೋ ಎಂಬಂತೆ, “ಈಚೆಗೆ ಮರೆವು ಜಾಸ್ತಿ ಮೇಡಂ ಇವರಿಗೆ, ಒತ್ತಿದೀನಿ ಅಂತ ಅಂದ್ಕೊಂಡಿರ್ತಾರೆ,” ಎಂದ. ಕೆಟ್ಟವನೇನಲ್ಲ, ಸುಸ್ತಾದವನು. ಗುಂಡಿ ಒತ್ತುವುದನ್ನೇ ಮರೆತವನು ನಾಳೆ ಇನ್ನೇನು ಮರೆಯುತ್ತಾನೋ ಎಂದು ಡಾಕ್ಟರು ಅವನನ್ನು ಮೇಲಿನ ಮಹಡಿಗೆ, ಹೊರಗಿನಿಂದ ಚಿಲಕ ಹಾಕುವ ಮರೆವಿನವರ ವಾರ್ಡಿಗೆ, ಕಳಿಸುವ ಯೋಚನೆಯಲ್ಲಿದ್ದರು. ಕಂಪನಿಯ ವರದಿಗೆ ಕಾಯುತ್ತಿದ್ದರು. “ಜೀವಮಾನ ಪೂರ್ತಿ ಸೀಟಿ ಹಾಕಿದವನಮ್ಮ ನಾನು,” ಎಂದ ಮುದುಕ. “ಒತ್ತಿದ್ದು ಈ ಕೈಗೆ ಗೊತ್ತಿರಲ್ವಾ?” ಅವಳು ಕುತ್ತಿಗೆಯಲ್ಲಿದ್ದ ಕಂಪನಿಯ ಕಾರ್ಡನ್ನು ಮೆಲ್ಲಗೆ ತಿರುಗಿಸಿ ಹೆಸರು ಮುಚ್ಚಿಕೊಂಡಿದ್ದಳು. ಆಮೇಲೆ, ದೇವರಾಣೆಗೂ, ಸಮಾಧಾನ ಮಾಡಲೆಂದೇ, ಮೃದುವಾಗಿಯೇ ಹೇಳಿದ್ದಳು: “ನಮ್ಮಲ್ಲಿ ಹಾಗೆ ಆಗ್ತಿಲ್ಲ ಅಜ್ಜ.” ಮುದುಕ ಮುಖ ಗೋಡೆಗೆ ತಿರುಗಿಸಿದ. ಬಸ್ಸು ಬ್ರೇಕು ಹಾಕಿತು. ಅವಳ ನಿಲ್ದಾಣ ದಾಟಿ ಹೋಗಿತ್ತು.

ಅಲ್ಲಿಂದ ಹಿಂದಕ್ಕೆ ನಡೆಯುತ್ತ ಅವಳಿಗೆ ಮೈಯೆಲ್ಲ ಉರಿಯಿತು. ಕಪ್ಪೆಯ ಮೇಲೆ ಉರಿಯುತ್ತಿದ್ದೇನೆ ಎಂದುಕೊಂಡಿದ್ದಳು, ತನ್ನ ಮೇಲೇ ಎಂದು ಅರ್ಧ ದಾರಿಯಲ್ಲಿ ಗೊತ್ತಾಯಿತು. ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮುದುಕನಿಗೆ ಹೇಳುವಾಗ ಬಾಯಿಗೆ ಎಷ್ಟು ಸಲೀಸಾಗಿ ಬಂದಿತ್ತು! ವಾರ್ಡಿನಿಂದ ಹಿಂದಿರುಗಿದ ಮೇಲೆ ಸುಮ್ಮನಿರಲಾರದೆ ಆ ವಾರ್ಡಿನ ಸಿಸ್ಟರ್‌ಗಳು ಗೋಡೆಯ ಗಡಿಯಾರ ನೋಡಿ ಬರೆದಿಟ್ಟ ಹಳೆಯ ದಾಖಲೆಗಳನ್ನು ತರಿಸಿ ಕೆದಕಿದಾಗಲಷ್ಟೇ ಅನುಮಾನ ಹುಟ್ಟಿದ್ದು: ಅಲ್ಲೊಂದು ಇಲ್ಲೊಂದು ಗಂಟೆ ಐದು ನಿಮಿಷಕ್ಕಲ್ಲ, ಬಹಳ ತಡವಾಗಿ ಹೊಡೆದಿತ್ತು. ತನ್ನ ಕೋಡನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ನೋಡಿದಳು, ಕಲ್ಲು ಸಿಗಲಿಲ್ಲ. ಉಳಿದದ್ದು ಲೈಬ್ರರಿ. ದೂರು ಬರೆದಳು. ಕಪ್ಪೆ ಬಂದು ಅವಳದೇ ಮಾತನ್ನು ಅವಳ ಬಾಯಿಗೇ ತುರುಕಿ ಹೋದ.

ತಂಡದ ಮುಖ್ಯಸ್ಥನಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ಮೆಲ್ದನಿ. ಅವನು ದನಿ ಏರಿಸಿದ್ದನ್ನು ಕೇಳಿದವರಿಲ್ಲ. ಕೆಲಸದಿಂದ ತೆಗೆಯುವಾಗಲೂ ಮದುವೆಗೆ ಕರೆಯುವವನ ಹಾಗೆ ಕರೆದು ತೆಗೆಯುತ್ತಿದ್ದ. ಅವಳು ಒಳಗೆ ಹೋದಾಗ ಮೇಜಿನ ಮೇಲೆ ಒಂದೇ ಒಂದು ಹಾಳೆಯಿತ್ತು, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು.

“ಕೂತ್ಕೊಳ್ಳಿ. ಟೀ ತರಿಸ್ಲಾ?”

“ಬೇಡ ಸಾರ್.”

“ಒಂದು ಸಹಿ, ಅಷ್ಟೇ. ನೋಡಿ, ಎಲ್ಲೂ ನಿಮ್ಮ ಮೇಲೆ ತಪ್ಪು ಹೊರಿಸಿಲ್ಲ. ನಿಮ್ಮನ್ನ ಕಾಪಾಡೋಕೇ ನಾನೇ ಕೂತು ಬರೆದಿದ್ದು.”

ಓದಿದಳು. ಕಂಪನಿಯ ಹೆಸರು, ವಾರ್ಡು, ತಾರೀಕು. ಕೊನೆಯಲ್ಲಿ: ‘ಕೂಲಂಕಷವಾಗಿ ಪರೀಕ್ಷಿಸಲಾಯಿತು. ದೋಷ ಮರುಕಳಿಸಲಿಲ್ಲ.’ ಅದರ ಕೆಳಗೆ ಅವಳ ಹೆಸರಿಗೆ ಜಾಗ. ಅವಳಿಗೆ ಒಮ್ಮೆಲೇ ನಗು ಬಂತು.

“ಏನು? ಇದರಲ್ಲಿ ಸುಳ್ಳಿದೆಯಾ?” ಮೆಲ್ದನಿ ಇನ್ನೂ ಮೆಲ್ಲಗೆ ಕೇಳಿದ. “ನೀವು ಪರೀಕ್ಷೆ ಮಾಡಿದ್ರಿ. ನಿಮಗೆ ಸಿಗಲಿಲ್ಲ. ಆ ಲೈಬ್ರರಿಯವರಿಗೂ ಸಿಗಲಿಲ್ಲ, ದೂರು ಮುಚ್ಚಿದಾರೆ ಅಂತ ಕೇಳ್ದೆ. ದೊಡ್ಡ ದೊಡ್ಡವರೇ ಇಲ್ಲ ಅಂದ ಮೇಲೆ ನಾವ್ಯಾಕೆ ಮೂಗು ತೂರಿಸ್ಬೇಕು?”

“ಸುಳ್ಳಿಲ್ಲ ಸಾರ್. ಆದ್ರೆ ಇದನ್ನ ಓದಿ ಆಸ್ಪತ್ರೆಯವರು ತಿಳ್ಕೊಳ್ಳೋದು ಸುಳ್ಳು. ಆ ಅಜ್ಜ ಒತ್ತಲೇ ಇಲ್ಲ ಅಂತ ತಿಳ್ಕೊತಾರೆ. ಚಿಲಕ ಹಾಕೋ ವಾರ್ಡಿಗೆ ಹಾಕ್ತಾರೆ.”

“ಅದು ಡಾಕ್ಟರ ಕೆಲಸ. ನಮ್ಮ ಕೆಲಸ ಅಲ್ಲ.”

“ಹಾಗಾದ್ರೆ ನೀವೇ ಸಹಿ ಹಾಕಿ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಇಂಥ ಮಾತು ಅವಳ ಬಾಯಲ್ಲಿ ಮನೆಯಲ್ಲೂ ಬರುತ್ತಿರಲಿಲ್ಲ. ಮೆಲ್ದನಿ ಪೆನ್ನಿಗೆ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. “ಸಂಜೆವರೆಗೆ ಹೊತ್ತಿದೆ,” ಎಂದ. “ಯೋಚನೆ ಮಾಡಿ. ನಿಮಗೂ ಮನೆ ಅಂತ ಇದೆ, ತಾಯಿ ಇದಾರೆ.” ಎಷ್ಟು ಅಕ್ಕರೆಯಿಂದ ಹೇಳಿದನೆಂದರೆ, ಅದು ಬೆದರಿಕೆ ಎಂದು ಅರ್ಥವಾಗುವ ಹೊತ್ತಿಗೆ ಅವಳು ತನ್ನ ಕುರ್ಚಿಗೆ ಬಂದು ಕೂತಾಗಿತ್ತು.

ಪಕ್ಕದ ಕುರ್ಚಿಯವಳು ಕಡಲೆಬೀಜದ ಪೊಟ್ಟಣವನ್ನು ಅವಳತ್ತ ಸರಿಸಿ, ಏನಾಯ್ತೇ ಎಂದು ಕಣ್ಣಲ್ಲೇ ಕೇಳಿದಳು. ಈ ಪಕ್ಕದ ಕುರ್ಚಿಯವಳ ಕೆಲಸ ಎಲ್ಲರ ಕೋಡನ್ನೂ ಕೆಡಿಸಿ ನೋಡುವುದು. ಹಾಗಾಗಿ ಆಫೀಸಿನಲ್ಲಿ ಯಾರಿಗೂ ಬೇಡದವಳು, ಅವಳಿಗೊಬ್ಬಳಿಗೆ ಬೇಕಾದವಳು. ‘ಸಹಿ ಹಾಕಲ್ಲ ಅಂದೆ’ ಎಂದಷ್ಟೇ ಹೇಳಿ ಅವಳು ದೂರಿನ ಪುಟ ತೆರೆದು ಬರೆಯತೊಡಗಿದಳು. ಮುಚ್ಚಿದ್ದನ್ನು ತೆರೆಯುವ ಅಧಿಕಾರ ಅವಳಿಗಿರಲಿಲ್ಲ, ಮುಚ್ಚಿದ ಬಾಗಿಲ ಮೇಲೆ ಬಡಿಯಬಹುದಿತ್ತು, ಅಷ್ಟೇ. ಬಡಿದಳು. ನಿಮ್ಮಲ್ಲಿ ಆಗದಿದ್ದರೆ ಎಲ್ಲೂ ಆಗುವುದಿಲ್ಲ ಎಂದರ್ಥವೇ ಎಂದು ಕೇಳಿದಳು. ಒಬ್ಬ ಮನುಷ್ಯ ಗುಂಡಿ ಒತ್ತಿ ಕಾದಿದ್ದಾನೆ ಎಂದು ಬರೆದಳು. ಕ್ಷಣದಲ್ಲಿ ಆ ಪುಟ ಓದುವವರೆಲ್ಲ ಇರುವೆ ಮುತ್ತಿದ ಹಾಗೆ ಮುತ್ತಿದರು. ಬೆಕ್ಕಿನ ಚಿತ್ರದವನೊಬ್ಬ, ಮೊದಲು ಲೈಬ್ರರಿ ಬಳಸುವುದನ್ನು ಕಲಿಯಿರಿ ಎಂದ. ಇನ್ನೊಬ್ಬ, ನಿಮ್ಮ ಯಂತ್ರ ಹಳೆಯದು, ಹೊಸದು ತೆಗೆದುಕೊಳ್ಳಿ ಎಂದ. ಮತ್ತೊಬ್ಬ ಇಲ್ಲಿ ಭಾವಾವೇಶ ಬೇಡ, ಸಭ್ಯತೆ ಇರಲಿ ಎಂದು ನಿಯಮಾವಳಿಯನ್ನೇ ತಂದು ಸುರಿದ. ಕೊನೆಗೆ ಕಪ್ಪೆ ಬಂದ. ‘ಆಸ್ಪತ್ರೆಯ ಕತೆ ಬೇಡ. ಎಷ್ಟು ಸಣ್ಣದಾಗುತ್ತದೋ ಅಷ್ಟು ಸಣ್ಣದು ಮಾಡಿ ತೋರಿಸಿ. ನೀವು ಕೊಟ್ಟ ಮಾದರಿ ನಮ್ಮಲ್ಲಿ ಸರಿಯಾಗಿಯೇ ಓಡುತ್ತಿದೆ.’ ಅಳು ಬಂತು ಅವಳಿಗೆ. ಯಾಕೆಂದರೆ ಅವಳಲ್ಲೂ ಅದು ಸರಿಯಾಗಿಯೇ ಓಡುತ್ತಿತ್ತು.

ಸಣ್ಣದು ಮಾಡುವುದು ಈ ಕಸುಬಿನ ಮಡಿ. ದೂರು ಕೊಡುವವರು ಸುತ್ತಮುತ್ತಲಿನ ಕಸವನ್ನೆಲ್ಲ ಗುಡಿಸಿ, ತಪ್ಪು ಮಾತ್ರ ಉಳಿಯುವ ಹಾಗೆ ನಾಲ್ಕು ಸಾಲಿನ ಮಾದರಿ ಮಾಡಿ ಕೊಡಬೇಕು. ಅವಳು ಅದನ್ನು ವ್ರತದ ಹಾಗೆ ಮಾಡಿದ್ದಳು. ಮೊದಲು ಗಂಟೆಯನ್ನು ತೆಗೆದಳು, ಆಮೇಲೆ ದೀಪವನ್ನು. ಹಾಸಿಗೆಗಳ ಪಟ್ಟಿ ಹೋಯಿತು. ಆಸ್ಪತ್ರೆಯ ಮುಖ್ಯ ಕಂಪ್ಯೂಟರಿನ ಸಂಪರ್ಕ ಕಿತ್ತಳು. ಉಳಿದದ್ದು ನಾಲ್ಕೇ ಸಾಲು: ಕಾಯಿ, ಎದ್ದೇಳು, ಹೇಳು, ಮುಗಿಸು. ನೋಡಲು ಎಷ್ಟು ಚೊಕ್ಕವಾಗಿತ್ತೆಂದರೆ ಕಳಿಸುವಾಗ ಅವಳಿಗೆ ಹೆಮ್ಮೆಯೇ ಆಗಿತ್ತು. ಅದು ಒಮ್ಮೆಯೂ ತಪ್ಪಲಿಲ್ಲ. ಹೊಟ್ಟೆನೋವು ಡಾಕ್ಟರ ಮುಂದೆ ಓಡಿಹೋದ ಹಾಗೆ ಓಡಿಹೋಗಿತ್ತು.

ಊಟದ ಹೊತ್ತಿಗೆ ಡಬ್ಬಿ ತೆರೆದು, ಹಸಿವಿಲ್ಲದಿದ್ದರೂ ಒಂದು ಮೊಟ್ಟೆಯನ್ನು ಕಚ್ಚಿದಳು. ರಬ್ಬರು. ಒಳಗಿನ ಹಳದಿಯ ಸುತ್ತ ಹಸಿರು ಅಂಚು ಕಟ್ಟಿತ್ತು. ಅಮ್ಮ ಹಣೆಗೆ ಕೈ ಹಚ್ಚಿ ಗಡಿಯಾರ ನೋಡುತ್ತ ಕೂತ ಭಂಗಿ ನೆನಪಾಗಿ ಸಿಟ್ಟೂ ನಗೆಯೂ ಒಟ್ಟಿಗೇ ಬಂತು. ಎಂಥ ಮಳ್ಳು! ಎಷ್ಟು ಹೊತ್ತು ಬೇಯಿಸಬೇಕು ಎಂದು ಎಣಿಸಿಕೊಂಡು ಕೂರಬೇಕಾದವಳು, ಮುಳ್ಳು ಎಲ್ಲಿಗೆ ಬರಬೇಕು ಎಂದು ನೋಡುತ್ತ ಕೂತಿದ್ದಳು. ಮುಳ್ಳನ್ನು ತಾನೇ ಹಿಂದಕ್ಕೆ ತಳ್ಳಿ, ಅದು ಬರಲಿಲ್ಲ ಬರಲಿಲ್ಲ ಎಂದು ಕಾದಿದ್ದಳು. ಬೆಳಗ್ಗೆ ತಾನು ಅಷ್ಟು ಬೈಯಬಾರದಿತ್ತು, ಪಾಪ, ಗಡಿಯಾರ ಸರಿಮಾಡಿದ್ದು ತಪ್ಪೇನಲ್ಲ. ಸರಿಮಾಡಿದ್ದು ತಪ್ಪಲ್ಲ, ಸರಿಮಾಡಿದ ಹೊತ್ತು ತಪ್ಪು. ಅಗಿಯುತ್ತಿದ್ದವಳು ಅಗಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದುದನ್ನು ನುಂಗಲೂ ಮರೆತು ಎದ್ದು ನಿಂತಳು.

“ವಾರ್ಡಿನ ಆ ಹಳೇ ಕಂಪ್ಯೂಟರ್ ಟೈಮು ಸರಿ ಇರುತ್ತಾ?” ಎಂದು ಪಕ್ಕದ ಕುರ್ಚಿಯವಳನ್ನು ಕೇಳಿದಳು.

“ಅದಾ? ಅದು ಮದುವೆ ಮನೆಗೆ ಹೊರಟವಳ ಹಾಗೆ ಮುಂದೆ ಮುಂದೆ ಓಡುತ್ತೆ. ಆಸ್ಪತ್ರೆಯ ಮುಖ್ಯ ಕಂಪ್ಯೂಟರ್ ಆಗಾಗ ಜುಟ್ಟು ಹಿಡಿದು ಹಿಂದಕ್ಕೆ ಎಳೀತಿರುತ್ತೆ. ಯಾಕೆ?”

ಆ ಸಂಪರ್ಕವನ್ನು ಕಸವೆಂದು ಅವಳೇ ಗುಡಿಸಿ ಹಾಕಿದ್ದಳು. ಲೈಬ್ರರಿಯ ಒಳಗನ್ನು ತೆರೆದಳು. ‘ಕಾಯಿ’ ಎಂಬುದರ ಒಳಗೆ ಎರಡು ದಾರಿಗಳಿದ್ದವು, ಹೊಸ ಯಂತ್ರಗಳಿಗೆ ಒಂದು, ಹಳೆಯವಕ್ಕೆ ಒಂದು. ಇಷ್ಟು ದಿನ ಅವಳು ಹೊಸದನ್ನೇ ಓದಿ ಓದಿ ಸೋತಿದ್ದಳು. ಹಳೆಯ ದಾರಿ ಯಾರೂ ಹೋಗದ ಓಣಿಯ ಹಾಗೆ ಪುಟದ ತಳದಲ್ಲಿ ಬಿದ್ದಿತ್ತು. ಅಲ್ಲಿ ಲೈಬ್ರರಿ ಐದು ನಿಮಿಷ ಎಣಿಸುತ್ತಿರಲಿಲ್ಲ. ಗಡಿಯಾರ ನೋಡಿ, ಐದು ನಿಮಿಷ ಕೂಡಿಸಿ, ಮುಳ್ಳು ಅಲ್ಲಿಗೆ ಬಂದಾಗ ಎಬ್ಬಿಸಿ ಎಂದು ಮಲಗಿಬಿಡುತ್ತಿತ್ತು. ನಡುವೆ ಯಾರಾದರೂ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಅದಕ್ಕೆ ಅದರ ಗೊಡವೆಯಿಲ್ಲ. ಜಗತ್ತಿಗೆಲ್ಲ ಹಂಚಿದ ಲೈಬ್ರರಿ ಅವಳ ಅಮ್ಮನ ಹಾಗೆಯೇ ಸ್ಟೂಲಿನ ಮೇಲೆ ಕೂತಿತ್ತು. ಅವಳು ಜೋರಾಗಿ ನಕ್ಕುಬಿಟ್ಟಳು. ಇಡೀ ಆಫೀಸು ತಿರುಗಿ ನೋಡಿತು, ನೋಡಲಿ.

ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ, ವಾರ್ಡಿನಲ್ಲಿದ್ದಂಥದೇ ಕಂಪ್ಯೂಟರನ್ನು ಇಬ್ಬರೂ ಸೇರಿ ಇಳಿಸಿದರು. ಗುಂಡಿ ಜೋಡಿಸಿದರು, ದೀಪ ಜೋಡಿಸಿದರು, ನಿಜವಾದ ಗಂಟೆಯನ್ನೇ ಜೋಡಿಸಿದರು. ಈ ಸಲ ಏನನ್ನೂ ಗುಡಿಸಲಿಲ್ಲ. ಅವಳು ಗುಂಡಿ ಒತ್ತಿದಳು. ಒತ್ತುವಾಗ, ಒತ್ತಿದ್ದು ಕೈಗೆ ಗೊತ್ತಿರಲ್ವಾ ಎಂದ ದನಿ ನೆನಪಾಯಿತು. ಗೊತ್ತಾಯಿತು, ಬೆರಳಿನಿಂದ ಭುಜದವರೆಗೆ ಗೊತ್ತಾಯಿತು. ದೀಪ ಹೊತ್ತಿತು. ಕಂಪ್ಯೂಟರಿನ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ಎಳೆದು, ಕೈಕಟ್ಟಿ ಕೂತಳು. ಐದು ನಿಮಿಷ ಎಷ್ಟು ಉದ್ದವೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಕೋಡಿನಲ್ಲಿ ಅದು ಒಂದು ಅಂಕಿ. ಮಲಗಿದವನಿಗೆ, ಬಚ್ಚಲಿಗೆ ಅವಸರವಾದವನಿಗೆ, ಯಾರಾದರೂ ಬಂದಾರೇ ಎಂದು ಬಾಗಿಲನ್ನೇ ನೋಡುವವನಿಗೆ ಅದು ಅಂಕಿಯಲ್ಲ. ಬಾಗಿಲು ಬಾಗಿಲಾಗಿಯೇ ಇರುತ್ತದೆ. ಕಡೆಗೆ ಮಾನ ಉಳಿಸಿಕೊಳ್ಳಲು ಎದ್ದು ನಿಲ್ಲುತ್ತಾನೆ. ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಐದು ನಿಮಿಷ ಆಯಿತು. ಆರಾಯಿತು. ಜನ ಒಬ್ಬೊಬ್ಬರೇ ಬಂದು ಮೇಜಿನ ಸುತ್ತ ನಿಂತರು. ಗುಂಪು ಕಂಡು ಮೆಲ್ದನಿಯೂ ಕೋಣೆಯಿಂದ ಹೊರಬಂದ.

“ಏನು ನಡೀತಿದೆ ಇಲ್ಲಿ?”

“ಕೇಳಿಸ್ಕೊಳ್ಳಿ ಸಾರ್.”

ಅವನು ತಲೆ ವಾಲಿಸಿ ಕೇಳಿಸಿಕೊಂಡ. “ಏನೂ ಕೇಳಿಸ್ತಿಲ್ವಲ್ಲ.”

“ಅದೇ ಸಾರ್.”

ಅರ್ಥವಾಗುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊತ್ತಿದ ದೀಪ ನೋಡಿದ, ಸುಮ್ಮನಿದ್ದ ಗಂಟೆ ನೋಡಿದ, ಗೋಡೆಯ ಗಡಿಯಾರ ನೋಡಿದ. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು ಇನ್ನಷ್ಟು ಮೆತ್ತಗಾದ. “ಭೇಷ್. ನಿಜವಾಗ್ಲೂ ಭೇಷ್. ಒಂದು ಕೆಲಸ ಮಾಡಿ. ನಮ್ಮ ಕೋಡಲ್ಲಿ ಸದ್ದಿಲ್ಲದೆ ಸರಿ ಮಾಡ್ಬಿಡಿ, ಎಲ್ಲಾ ಆಸ್ಪತ್ರೆಗೂ ಕಳಿಸೋಣ. ವರದಿ ಹೇಗಿದೆಯೋ ಹಾಗೇ ಹೋಗಲಿ. ಯಾರಿಗೂ ತೊಂದ್ರೆ ಇಲ್ಲ.”

“ಅಜ್ಜನಿಗೆ?”

“ಅವರ ಮಗನೇ ಒಪ್ಕೊಂಡಿದಾನಲ್ಲ.”

ಅವಳು ಅವನ ಕೋಣೆಗೆ ಹೋಗಿ ಹಾಳೆ ತಂದಳು. ಎಲ್ಲರ ಎದುರಿಗೇ ಮೇಜಿನ ಮೇಲಿಟ್ಟು, ‘ಮರುಕಳಿಸಲಿಲ್ಲ’ ಎಂಬುದನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿ, ಪಕ್ಕದಲ್ಲಿ ‘ಮರುಕಳಿಸಿತು’ ಎಂದು ಬರೆದಳು. ಕೆಳಗೆ, ರೋಗಿ ಗುಂಡಿ ಒತ್ತಿದ್ದೇನೆ ಎಂದು ಹೇಳಿದ್ದನ್ನು ನಂಬದಿರಲು ಯಾವ ಕಾರಣವೂ ಇಲ್ಲ ಎಂದು ಸೇರಿಸಿದಳು. ಸಹಿ ಹಾಕಿದಳು, ಯಾವತ್ತೂ ಹಾಕದಷ್ಟು ದೊಡ್ಡದಾಗಿ. “ಇದನ್ನ ಕಳಿಸ್ತೀನಿ ಸಾರ್. ಕೆಲಸದಿಂದ ತೆಗೀತೀರಾ ತೆಗೀರಿ, ಆದ್ರೆ ಟೀ ಕೊಟ್ಟು ತೆ‍ಗೀಬೇಡಿ.” ಪಕ್ಕದ ಕುರ್ಚಿಯವಳು ಕಿಸಕ್ಕನೆ ನಕ್ಕು, ಬಾಯಿಗೆ ಕಡಲೆಬೀಜ ತುಂಬಿಕೊಂಡಳು. ಸಹಿ ಹಾಕಿದವಳು ಅಲ್ಲೇ ಹಾಳೆಯ ಫೋಟೊ ತೆಗೆದು ಆಸ್ಪತ್ರೆಗೆ ಕಳಿಸಿಯೂಬಿಟ್ಟಳು.

ದೀಪ ಇನ್ನೂ ಉರಿಯುತ್ತಲೇ ಇತ್ತು. ಅವಳು ದೂರಿನ ಪುಟಕ್ಕೆ ಹೋಗಿ ಹೊಸದಾಗಿ ಬರೆದಳು. ಮೊದಲ ಸಾಲು: ‘ಒಬ್ಬ ಮನುಷ್ಯ ಗುಂಡಿ ಒತ್ತಿದ, ಕಾದ, ಯಾರೂ ಬರಲಿಲ್ಲ.’ ಆಮೇಲೆ ಹಳೆಯ ಯಂತ್ರ, ಗಡಿಯಾರ, ಆ ಓಣಿಯ ಯಾವ ಸಾಲಿನಲ್ಲಿ ತಪ್ಪಿದೆ ಎಂಬುದು. ಕಪ್ಪೆ ಈ ಸಲ ತಡಮಾಡಲಿಲ್ಲ. ಬೂದು ಚುಕ್ಕೆ ಕಣ್ಣೆದುರಿಗೇ ಹಸಿರಾಯಿತು. ‘ನಮ್ಮಲ್ಲೂ ಹಾಗೆ ಆಗುತ್ತಿದೆ. ಸರಿಪಡಿಸುತ್ತೇವೆ. ಮೊದಲ ಸಾಲು ಸಂಬಂಧವಿಲ್ಲದ್ದು, ದಯವಿಟ್ಟು ತೆಗೆಯಿರಿ.’ ಒಂದು ಕ್ಷಮೆ ಇಲ್ಲ, ಒಂದು ಛೇ ಇಲ್ಲ. ಅವಳು ಒಂದೇ ಪದ ಬರೆದಳು: ‘ತೆಗೆಯುವುದಿಲ್ಲ.’ ಬರೆದು, ವಾರ್ಡಿಗೆ ಫೋನು ಮಾಡಿದಳು. ಸಿಸ್ಟರ್ ಗೊಣಗುತ್ತಲೇ ಫೋನನ್ನು ಕೊನೆಯ ಹಾಸಿಗೆಗೆ ಒಯ್ದಳು.

“ಅಜ್ಜ, ನಾನು. ಗಂಟೆ ನೋಡೋಕೆ ಬಂದಿದ್ದೆನಲ್ಲ.”

“ಹೂಂ.”

“ನೀವು ಒತ್ತಿದ್ರಿ ಅಜ್ಜ.”

“ಅದನ್ನ ನಂಗ್ಯಾಕಮ್ಮ ಹೇಳ್ತೀಯ? ನಂಗೊತ್ತಿಲ್ವಾ? ಇವರಿಗೆ ಹೇಳು.”

“ಬರೆದು ಸಹಿ ಹಾಕಿ ಕಳಿಸಿದೀನಿ. ಅವತ್ತು ನಾನೂ ನಂಬಿರಲಿಲ್ಲ.”

“ಅದೂ ಗೊತ್ತಿತ್ತು. ಕಾರ್ಡು ತಿರುಗಿಸ್ಕೊಂಡೆಯಲ್ಲ, ಆಗಲೇ ಗೊತ್ತಾಯ್ತು.”

ಅಷ್ಟರಲ್ಲಿ ಮೇಜಿನ ಮೇಲಿನ ಗಂಟೆ ಹೊಡೆದುಕೊಳ್ಳತೊಡಗಿತು. ಅರ್ಧ ಗಂಟೆ ತಡವಾಗಿ, ಏನೂ ಆಗಿಯೇ ಇಲ್ಲವೆಂಬಂತೆ, ಕಿವಿ ಹರಿಯುವ ಹಾಗೆ. ನಿಂತವರೆಲ್ಲ ಬೆಚ್ಚಿಬಿದ್ದರು. ಯಾರೋ ಕಿವಿ ಮುಚ್ಚಿಕೊಂಡರು.

“ಏನಮ್ಮಾ ಅದು?” ಮುದುಕ ಕಿರುಚಿ ಕೇಳಿದ.

“ನಿಮ್ಮ ಗಂಟೆ ಅಜ್ಜ!”

“ಈಗ ಬಂತಾ,” ಎಂದ. ಆಮೇಲೆ ಗಡಸು ದನಿಯಲ್ಲಿ, “ಆರಿಸ್ಬೇಡ, ಇರು. ನನ್ನ ಮಗ ಇಲ್ಲೇ ನಿಂತಿದಾನೆ. ಅವನ ಕಿವಿಗೆ ಹಿಡೀತೀನಿ.”

ಅವಳು ಫೋನನ್ನು ಗಂಟೆಯ ಹತ್ತಿರ ಹಿಡಿದಳು. ಮೆಲ್ದನಿ ಮೊದಲ ಬಾರಿಗೆ ದನಿ ಏರಿಸಿ, ಆರಿಸ್ರೀ ಅದನ್ನ ಎಂದು ಕೂಗಿದ, ಸ್ವಿಚ್ಚಿನ ಕಡೆ ಕೈ ಚಾಚಿದ. ಅವಳು ಸ್ವಿಚ್ಚಿನ ಮೇಲೆ ತನ್ನ ಕೈ ಇಟ್ಟುಕೊಂಡು ಕೂತಳು.